ಲಂಡನ್ನಿನ ಬರ್ಗಂಡಿ, ನಮ್ಮ ಮೊಗಲಾಯಿ

ಇಂಗ್ಲಿಷರ ಹಳೇ ಹಾಸ್ಯ ಸಿನಿಮಾಗಳ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ಅದರಲ್ಲೂ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಮೈಕೆಲ್ ಬಾಲ್ಕನ್ ಅನ್ನೋ ನಿರ್ಮಾಪಕನ ಉಸ್ತುವಾರಿಯಲ್ಲಿ 1947ರಿಂದ 1955ರ ಸುಮಾರಿಗೆ ಬಂದವು. ಅವುಗಳ ಕಥೆ ಯಾರಿಗಾದರೂ ಹೇಳಿ ನೋಡಿ, ನಮ್ಮೂರ ಹರ್ತಿಯಲ್ಲಾದರೆ "ಏನಪಾ, ತಲಿ ಗಿಲಿ ಕೆಟ್ಟೈತೇನು?" ಅಂತ ಕೇಳ್ತಾರೆ. ಅಷ್ಟು ವಿಚಿತ್ರ.

'ದಿ ಲೇಡಿಕಿಲ್ಲರ್ಸ್' (1955) ತಗೊಳ್ಳಿ. ಐದು ಜನ ದರೋಡೆಕೋರರು ಸಂಗೀತಗಾರರ ವೇಷದಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಇರ್ತಾರೆ. ಕೋಣೆಯ ಬಾಗಿಲು ಹಾಕಿ ಗ್ರಾಮಫೋನ್ ಹಚ್ಚಿಟ್ಟು ಒಳಗೆ ಸಂಚು. ಇದು ಲಂಡನ್ನಿನಲ್ಲಿ ನಡೀತು ಬಿಡಿ. ಪಂಚಾಕ್ಷರಿ ಗವಾಯಿಗಳ ಗದಗಿನಲ್ಲಿ ಮಾಡಿದ್ದರೆ ಮೊದಲನೇ ದಿನವೇ ಓಣಿಯವರು ಬಂದು ಕೂತು "ಒಂದು ಖ್ಯಾಲ್ ಆಗಲಿ" ಅಂದಿರೋರು, ಅಲ್ಲಿಗೆ ಕಥೆ ಮುಗೀತು :)

'ದಿ ಮ್ಯಾನ್ ಇನ್ ದಿ ವೈಟ್ ಸೂಟ್' (1951) ಇನ್ನೂ ಒಂದು ಕೈ ಮೇಲೆ. ಒಬ್ಬ ರಸಾಯನಶಾಸ್ತ್ರಜ್ಞ ಎಂದೂ ಹರಿಯದ, ಎಂದೂ ಕೊಳೆಯಾಗದ ಬಟ್ಟೆ ಕಂಡುಹಿಡೀತಾನೆ. ಎಲ್ಲರೂ ಖುಷಿಪಡಬೇಕು ತಾನೇ? ಇಲ್ಲ. ಮಿಲ್ಲಿನ ಮಾಲೀಕರು, ಕಾರ್ಮಿಕರು ಒಟ್ಟಾಗಿ ಅವನನ್ನ ಅಟ್ಟಿಸಿಕೊಂಡು ಹೋಗ್ತಾರೆ. ಬಟ್ಟೆ ಹರಿಯದಿದ್ದರೆ ಮಾಲೀಕನಿಗೆ ವ್ಯಾಪಾರ ಇಲ್ಲ, ಕಾರ್ಮಿಕನಿಗೆ ಕೂಲಿ ಇಲ್ಲ. ಬೆಟಗೇರಿಯ ನೇಕಾರರಿಗೆ ಈ ಕಥೆ ಬಿಡಿಸಿ ಹೇಳೋದೇ ಬೇಕಾಗಿಲ್ಲ.

ಆದರೆ ಇವತ್ತು ಬರೆಯಬೇಕು ಅಂತ ಕೂತಿದ್ದು ಇವೆರಡರ ಬಗ್ಗೆ ಅಲ್ಲ. 1949ರ 'ಪಾಸ್‌ಪೋರ್ಟ್ ಟು ಪಿಮ್ಲಿಕೊ' ಬಗ್ಗೆ.

ಕಥೆ ಹೀಗಿದೆ. ಯುದ್ಧ ಮುಗಿದಿದೆ, ಲಂಡನ್ನಿನಲ್ಲಿ ಎಲ್ಲದಕ್ಕೂ ರೇಷನ್ ಕೂಪನ್. (ಬ್ರಿಟನ್ನಿನಲ್ಲಿ ರೇಷನ್ ಪೂರ್ತಿ ಹೋಗಿದ್ದು 1954ರ ಜುಲೈನಲ್ಲಿ, ಗೆದ್ದ ದೇಶದ ಗತಿ ಅದು!) ಪಿಮ್ಲಿಕೊ ಅನ್ನೋ ಬಡಾವಣೆಯಲ್ಲಿ ಹೂತಿದ್ದ ಹಳೇ ಬಾಂಬೊಂದು ಸಿಡಿದು ಗುಂಡಿ ಬೀಳುತ್ತೆ. ಒಳಗೆ ನಿಧಿ, ಜೊತೆಗೊಂದು ಹಳೇ ಸನದು. ನಾಲ್ಕನೇ ಎಡ್ವರ್ಡ್ ದೊರೆ ಈ ಜಾಗವನ್ನ ಬರ್ಗಂಡಿಯ ಕೊನೆಯ ಡ್ಯೂಕನಿಗೆ ಬರೆದುಕೊಟ್ಟಿದ್ದ ಸನದು. ಆಮೇಲೆ ಯಾರೂ ಅದನ್ನ ರದ್ದು ಮಾಡಿಲ್ಲ. ಅಂದಮೇಲೆ ಈ ಓಣಿ ಇಂಗ್ಲೆಂಡೇ ಅಲ್ಲ, ಬರ್ಗಂಡಿ! ಕೂಪನ್ ಹರಿದು ಬಿಸಾಕ್ತಾರೆ, ಹೋಟೆಲಿನವನು ಬೇಕಾದಷ್ಟು ಹೊತ್ತು ಹೆಂಡ ಮಾರ್ತಾನೆ. ಮರುದಿನ ಇಡೀ ಲಂಡನ್ನಿನ ಕಾಳಸಂತೆಯವರು ಅಲ್ಲಿಗೇ ಬಂದು ಅಂಗಡಿ ಹಾಕ್ತಾರೆ. ಸರ್ಕಾರ ಮುಳ್ಳುತಂತಿ ಎಳೆಯುತ್ತೆ. ಇವರು ಬಿಡ್ತಾರಾ? ನೆಲದಡಿಯ ರೈಲು ನಿಲ್ಲಿಸಿ ಪ್ರಯಾಣಿಕರ ಚೀಲ ತಪಾಸಣೆ ಮಾಡ್ತಾರೆ, ನಮ್ಮ ದೇಶದ ಸುಂಕ ಕೊಡಿ ಅಂತ. ಕೊನೆಗೆ ನೀರು, ಕರೆಂಟು ಬಂದ್. ಆಗ ಲಂಡನ್ನಿನ ಜನ ತಂತಿಯಾಚೆಯಿಂದ ಬ್ರೆಡ್ಡು, ತರಕಾರಿ ಎಸೀತಾರೆ. ಪ್ಯಾರಾಚೂಟಿನಲ್ಲಿ ಹಂದಿ ಇಳಿಯೋ ದೃಶ್ಯ ನೋಡಿಯೇ ತೀರಬೇಕು.

ಇದನ್ನ ಬರೆದ ಟಿ.ಇ.ಬಿ. ಕ್ಲಾರ್ಕ್‌ಗೆ ಹೊಳಹು ಸಿಕ್ಕಿದ್ದು ಒಂದು ನಿಜ ಸುದ್ದಿಯಿಂದ. 1943ರಲ್ಲಿ ಹಾಲೆಂಡಿನ ರಾಜಕುಮಾರಿ ಜೂಲಿಯಾನ ಕೆನಡಾದಲ್ಲಿ ಆಶ್ರಯ ಪಡೆದಿದ್ದಾಗ ಹೆರಿಗೆ ಆಯಿತು. ಮಗು ಪರದೇಶದ ನೆಲದಲ್ಲಿ ಹುಟ್ಟಿದರೆ ತೊಡಕು ಅಂತ ಒಟ್ಟಾವಾದ ಆಸ್ಪತ್ರೆ ಕೋಣೆಯನ್ನ ಆ ಹೊತ್ತಿಗೆ ಕೆನಡಾದಿಂದ ಹೊರಗಿಟ್ಟು ಘೋಷಣೆ ಮಾಡಿದರು. ಇಂಗ್ಲಿಷರ ಹಾಸ್ಯದ ಗುಟ್ಟು ಇಲ್ಲೇ ಇದೆ ಅನ್ನೋದು ನನ್ನ ಅನಿಸಿಕೆ. ಪಾತ್ರಗಳು ಕೋಡಂಗಿ ಆಟ ಆಡೋದಿಲ್ಲ. ಒಂದು ಕಾಗದ ಇಟ್ಕೊಂಡು ಅದರಲ್ಲಿ ಬರೆದಿದ್ದನ್ನ ಎಲ್ಲರೂ ಗಂಭೀರವಾಗಿ ಅಕ್ಷರಶಃ ಪಾಲಿಸ್ತಾರೆ, ಅಷ್ಟೇ. ನಗು ತಾನಾಗೇ ಬರುತ್ತೆ.

ಸ್ವಲ್ಪ ಯೋಚಿಸಿ, ನಮ್ಮ ಕಡೆ ಇಂಥ ಸನದುಗಳಿಗೇನು ಬರ? ಲಕ್ಕುಂಡಿ, ಲಕ್ಷ್ಮೇಶ್ವರ, ಗದಗಿನ ತ್ರಿಕೂಟೇಶ್ವರ, ಎಲ್ಲಿ ನೋಡಿದರೂ ಶಾಸನ. ಇಷ್ಟು ಮತ್ತರು ಭೂಮಿಯನ್ನ ದೇವರಿಗೆ ಬಿಟ್ಟಿದೆ, ಸೂರ್ಯಚಂದ್ರರಿರುವವರೆಗೆ ನಡೆಯಲಿ, ಅಳಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ. ಯಾರೂ ರದ್ದು ಮಾಡಿಲ್ಲ! ಪಿಮ್ಲಿಕೊದವರ ಹಾಗೆ ಅಕ್ಷರಶಃ ಓದಿದರೆ ಗದಗ ಜಿಲ್ಲೆಯ ಎಷ್ಟು ಹೊಲ ಯಾರ ಪಾಲಾದೀತೋ!

ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಶಾಸನ ಅಲ್ಲ, ಆ ಮುಳ್ಳುತಂತಿ. ಲಂಡನ್ನಿನವರಿಗೆ ಓಣಿಯ ತುದಿಯಲ್ಲಿ ಬೇರೆ ದೇಶ ಅನ್ನೋದು ನಗೆಯ ಕಲ್ಪನೆ. ನಮ್ಮ ಹಿರಿಯರಿಗೆ ಅದು ದಿನನಿತ್ಯದ ಭೂಗೋಳ.

1947ರ ನಕ್ಷೆ ತೆಗೆದು ನೋಡಿ. ಗದಗ ತಾಲೂಕು ಧಾರವಾಡ ಜಿಲ್ಲೆಯಲ್ಲಿ, ಅಂದರೆ ಬ್ರಿಟಿಷರ ಮುಂಬೈ ಪ್ರಾಂತ್ಯ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಮುಂಡರಗಿ ಮತ್ತೆ ಮುಂಬೈ ಪ್ರಾಂತ್ಯ. ಅಲ್ಲಿಂದ ಮೂಡಣಕ್ಕೆ ಕೊಪ್ಪಳ, ನಿಜಾಮನದು. ಜನರ ಬಾಯಲ್ಲಿ ಮೊಗಲಾಯಿ. ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಹಡಗಲಿ, ಅದು ಮದ್ರಾಸ್ ಪ್ರಾಂತ್ಯ. ಗದಗಿನಲ್ಲಿ ರೈಲು ಹತ್ತಿದವರು ಕೊಪ್ಪಳದಲ್ಲಿ ನಿಜಾಮನ ರಾಜ್ಯದಲ್ಲಿರ್ತಿದ್ದರು, ಹೊಸಪೇಟೆಯಲ್ಲಿ ಮದ್ರಾಸಿನಲ್ಲಿ! ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ ಗದಗಿನ ಕಡೆಯಿಂದ ಹೋದ ಭಕ್ತರು ಸಾಂಗಲಿ ಅರಸರ ಸೀಮೆಗೆ ಹೋದಂತೆ. ಎಲ್ಲಾ ಕಡೆ ಮಾತು ಕನ್ನಡವೇ.

ಮೊಗಲಾಯಿ ಗಡಿಯಂತೂ ನಿಜವಾದ ಗಡಿ. ಅಲ್ಲಿ ಕರೋಡಗಿರಿ ಅಂತ ಸುಂಕದ ಇಲಾಖೆಯೇ ಇತ್ತು. ಅಂಚೆ ಚೀಟಿ ಬೇರೆ, ರೂಪಾಯಿ ಬೇರೆ. ನಮ್ಮದು ಕಲ್ದಾರ್, ಅವರದು ಹಾಲಿ ಸಿಕ್ಕಾ. ಸುಮಾರಾಗಿ ಆರು ಕಲ್ದಾರಿಗೆ ಏಳು ಹಾಲಿ. ಸಂತೆಯಲ್ಲಿ ಈ ಲೆಕ್ಕ ಮಾಡಿಕೊಂಡು ಎತ್ತು ಕೊಳ್ಳೋರನ್ನ ಕಲ್ಪಿಸಿಕೊಳ್ಳಿ. ಪಿಮ್ಲಿಕೊದವರು ರೈಲಿನಲ್ಲಿ ಚೀಲ ಬಿಚ್ಚಿಸಿದ್ದು ಇದರ ಮುಂದೆ ಯಾವ ಲೆಕ್ಕ.

ಈ ಚೂರುಚೂರು ನಾಡು ಒಂದಾಗಲಿ ಅಂತ ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನವರೇ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಅದನ್ನ ಹಾಡಿದರು. ಆಮೇಲೆ ಕಾಲು ಶತಮಾನ ಕಾಯಬೇಕಾಯಿತು. 1948ರ ಮಾರ್ಚ್ 8ಕ್ಕೆ ಸಾಂಗಲಿ, ಮಿರಜ ಮೊದಲಾದ ದಖನ್ ಸಂಸ್ಥಾನಗಳು ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. ಶಿರಹಟ್ಟಿ, ಲಕ್ಷ್ಮೇಶ್ವರದ ಕಥೆ ಅಷ್ಟು ಸುಲಭಕ್ಕೆ ಮುಗೀತು.

ಮೊಗಲಾಯಿಯದು ಹಾಗಲ್ಲ. 1947ರ ಆಗಸ್ಟ್ 15ರಂದು ಮುಂಡರಗಿಗೆ ಸ್ವಾತಂತ್ರ್ಯ ಬಂತು, ಗಡಿಯಾಚೆಯ ಅಳವಂಡಿಗೆ ಬರಲಿಲ್ಲ. ನಿಜಾಮ ಭಾರತಕ್ಕೆ ಸೇರೋದಿಲ್ಲ ಅಂದ, ರಜಾಕಾರರ ಹಾವಳಿ ಶುರುವಾಯಿತು. ಆ ಕಡೆಯ ಜನ ಊರು ಬಿಟ್ಟು ಈ ಕಡೆ ಬಂದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಮುಂಡರಗಿಯಲ್ಲಿ ಹೋರಾಟದ ಶಿಬಿರ ನಡೀತು. ಹುಡುಗರು ಗಡಿ ದಾಟಿ ಹೋಗಿ ಹೋರಾಡಿ ಬರೋರು, ಎಲ್ಲರೂ ತಿರುಗಿ ಬರ್ತಿರಲಿಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ನುಗ್ಗಿ, ಐದು ದಿನದೊಳಗೆ ನಿಜಾಮ ಶರಣಾದ ಮೇಲೇ ಅದು ನಿಂತಿದ್ದು. ಸ್ವಾಮಿಗಳು ಮುಂದೆ 1952ರಲ್ಲಿ ಲೋಕಸಭೆಗೂ ಆರಿಸಿ ಹೋದರು.

ಪಿಮ್ಲಿಕೊ ಚಿತ್ರೀಕರಣ ನಡೆದದ್ದೂ 1948ರ ಬೇಸಿಗೆಯಲ್ಲೇ, ಲಂಡನ್ನಿನ ಲ್ಯಾಂಬೆತ್‌ನ ಬಾಂಬ್ ಬಿದ್ದ ಬಯಲಲ್ಲಿ. ಮಳೆ ಬಿಡದೆ ಕಾಡಿತಂತೆ, ಶೂಟಿಂಗ್ ತಡವಾಯಿತಂತೆ. ಅಲ್ಲಿ ಸೆಟ್ಟಿನವರು ಮುಳ್ಳುತಂತಿ ಕಟ್ಟಿ ಬಿಚ್ಚುತ್ತಿದ್ದ ಅದೇ ತಿಂಗಳುಗಳಲ್ಲಿ ಇಲ್ಲಿ ಗಡಿಯ ಹಳ್ಳಿಗಳಲ್ಲಿ ಗುಂಡು ಹಾರುತ್ತಿತ್ತು. ಈ ತಾರೀಖು ಹೊಂದಿಸಿ ನೋಡಿದ ಮೇಲೆ ಆ ಸಿನಿಮಾವನ್ನ ಮೊದಲಿನ ಹಾಗೆ ನೋಡೋಕೆ ನನಗಾಗಿಲ್ಲ. ನಗ್ತೀನಿ, ಆದರೆ ತಂತಿ ಕಂಡಾಗ ಮುಂಡರಗಿ ನೆನಪಾಗುತ್ತೆ. ನಮ್ಮಲ್ಲಿ ಆ ಗಡಿ ಮೇಲೆ ಒಂದು ಒಳ್ಳೇ ಹಾಸ್ಯ ಸಿನಿಮಾ ಯಾಕೆ ಬರಲಿಲ್ಲ ಅಂತಲೂ ಅನಿಸುತ್ತೆ. ಕಲ್ದಾರ್-ಹಾಲಿ ಸಂತೆಯ ಒಂದು ದೃಶ್ಯ ಸಾಕಿತ್ತು!

ಅಂದ ಹಾಗೆ ಗಡಿ ಪೂರ್ತಿ ಅಳಿಸಿಹೋಗಿದೆ ಅಂದುಕೊಳ್ಳಬೇಡಿ. 1956ರ ನವೆಂಬರ್ 1ಕ್ಕೆ ಎಲ್ಲಾ ಒಂದೇ ರಾಜ್ಯವಾಯಿತು, 1997ರಲ್ಲಿ ಗದಗ, ಕೊಪ್ಪಳ ಎರಡೂ ಜಿಲ್ಲೆಗಳಾದವು. ಆಮೇಲೆ 2012ರಲ್ಲಿ ಪಾಸಾದ ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ (2019ರಿಂದ ಕಲ್ಯಾಣ ಕರ್ನಾಟಕ) ಶಿಕ್ಷಣ, ನೌಕರಿಯಲ್ಲಿ ಮೀಸಲಾತಿ. ಬರಬೇಕಾದದ್ದೇ, ನನ್ನ ತಕರಾರಿಲ್ಲ. ಆದರೆ ಅಳವಂಡಿಯ ಹುಡುಗನಿಗೆ ಅದು ಸಿಗುತ್ತೆ, ಮುಂಡರಗಿಯ ಹುಡುಗನಿಗೆ ಇಲ್ಲ. ಒಂದು ಕಾಲಕ್ಕೆ ಮೊಗಲಾಯಿಯಿಂದ ತಪ್ಪಿಸಿಕೊಂಡು ಓಡಿಬಂದ ಗಡಿ ಅದು. ಈಗ ಈ ಕಡೆಯವರು "ನಮ್ಮನ್ನೂ ಆ ಕಡೆ ಸೇರಿಸ್ರೀ" ಅಂದರೂ ಅಂದಾರು. ಟಿ.ಇ.ಬಿ. ಕ್ಲಾರ್ಕ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಥೆ ಬರೆಯೋಕೆ ಕೂತಿರ್ತಿದ್ದ.