ವಿಕ್ಸಮ್ ಸರೋವರದ ಕೋಡಿ

ಕೆರೆಗೆ ಏರಿಯಷ್ಟೇ ಕೋಡಿಯೂ ಮುಖ್ಯವೆಂಬುದನ್ನು ಕನ್ನಡ ನಾಡಿನ ಒಕ್ಕಲಿಗನು ಚೆನ್ನಾಗಿ ಬಲ್ಲನು. ನೆರೆಯ ನೀರು ಏರಿಯ ತಲೆಯನ್ನು ಮುಟ್ಟುವ ಮುನ್ನ ಹೊರಬೀಳಲು ದಾರಿಯಿಲ್ಲದಿದ್ದರೆ ಎಂತಹ ಮಣ್ಣುಕಟ್ಟೆಯೂ ನಿಲ್ಲಲಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮಿಷಿಗನ್ನಿನಲ್ಲಿ, ಒಂದು ಸರೋವರದ ಕೋಡಿಯು ಸಾಲದೆಂಬ ಮಾತು ಬಹುಕಾಲ ಕಾಗದಗಳಲ್ಲಿಯೇ ಉಳಿದು, ಕಡೆಗೆ ಅದರ ಭಾರವು ದಡದ ನಿವಾಸಿಗಳ ತಲೆಯ ಮೇಲೆ ಬಿದ್ದಿತು. ಆ ಚರಿತ್ರೆಯು ವಿಚಾರಾರ್ಹವಾದುದು.

ಅಲ್ಲಿಯ ಟಿಟಬವಾಸಿ ನದೀಪ್ರದೇಶದಲ್ಲಿ ೧೯೨೪-೨೫ರ ಸುಮಾರಿಗೆ ಫ್ರಾಂಕ್ ವಿಕ್ಸಮ್ ಎಂಬ ಉದ್ಯಮಿಯು ವಿದ್ಯುದುತ್ಪಾದನೆಗಾಗಿ ನಾಲ್ಕು ಅಣೆಕಟ್ಟುಗಳನ್ನು ಕಟ್ಟಿಸಿದನು. ಅವುಗಳಲ್ಲಿ ಈಡನ್‌ವಿಲ್ ಎಂಬಲ್ಲಿಯ ಕಟ್ಟೆಯು ಟೊಬ್ಯಾಕೊ ನದಿಯು ಟಿಟಬವಾಸಿಯನ್ನು ಕೂಡುವೆಡೆಯಲ್ಲಿದ್ದು, ಒಂದು ಮೈಲಿಗೂ ಮಿಕ್ಕ ಉದ್ದವುಳ್ಳದು. ಅದರ ಹಿಂದೆ ನಿಂತ ನೀರಿಗೆ ವಿಕ್ಸಮ್ ಸರೋವರವೆಂದೇ ಹೆಸರಾಯಿತು. ದೋಣಿವಿಹಾರಕ್ಕೂ ಮೀನುಗಾರಿಕೆಗೂ ಒದಗಿದ ಈ ನೀರನ್ನು ನೆಚ್ಚಿ ದಡದುದ್ದಕ್ಕೂ ಮನೆಗಳೆದ್ದುವು. ನೀರಿನ ಸೊಬಗು ದಡದವರ ಪಾಲಿಗೆ ಬಂದಿತು. ಕಟ್ಟೆಯಾದರೋ ಖಾಸಗಿ ಒಡೆತನದಲ್ಲಿ ಉಳಿಯಿತು. ಮುಂದಿನ ತೊಡಕಿಗೆಲ್ಲ ಬೀಜವು ಇದರಲ್ಲಿದ್ದಿತು.

೧೯೯೮ರಲ್ಲಿ ಒಕ್ಕೂಟ ಸರ್ಕಾರದ ಶಕ್ತಿ ನಿಯಂತ್ರಣ ಮಂಡಲಿಯು ಈಡನ್‌ವಿಲ್‌ಗೆ ಪರವಾನಗಿಯನ್ನು ಕೊಟ್ಟಿತು. ಆ ಪ್ರದೇಶದಲ್ಲಿ ಸಂಭವಿಸಬಹುದಾದ ಪರಮಾವಧಿ ಪ್ರವಾಹದ ಸುಮಾರು ಅರ್ಧದಷ್ಟನ್ನು ಮಾತ್ರ ಕೋಡಿಯು ಸಾಗಿಸಬಲ್ಲುದೆಂದೂ, ಅದನ್ನು ಹಿಗ್ಗಿಸಬೇಕೆಂದೂ ಮಂಡಲಿಯು ತರುವಾಯ ಪದೇಪದೇ ಎಚ್ಚರಿಸಿತು. ಆಮೇಲೆ ಒಡೆತನಕ್ಕೆ ಬಂದ ಬಾಯ್ಸ್ ಹೈಡ್ರೋ ಸಂಸ್ಥೆಯವರು ಹಣವಿಲ್ಲವೆಂದರು. ೨೦೧೮ರ ಸೆಪ್ಟೆಂಬರಿನಲ್ಲಿ ಮಂಡಲಿಯು ಪರವಾನಗಿಯನ್ನೇ ಕಿತ್ತುಕೊಂಡಿತು. ಶಿಕ್ಷೆಯು ನ್ಯಾಯವಾದುದೇ ಸರಿ. ಆದರೆ ವಿದ್ಯುತ್ತಿನ ಆದಾಯ ನಿಂತುಹೋದ ಮೇಲೆ ಕೋಡಿಯನ್ನು ಹಿಗ್ಗಿಸುವ ದ್ರವ್ಯವು ಎಲ್ಲಿಂದ ಬರಬೇಕು?

ಉಸ್ತುವಾರಿಯು ಮಿಷಿಗನ್ ಸಂಸ್ಥಾನಕ್ಕೆ ಬಂದಿತು. ಸಂಸ್ಥಾನದ ನಿಯಮವು ಪರಮಾವಧಿ ಪ್ರವಾಹದ ಅರ್ಧವನ್ನು ಸಾಗಿಸಿದರೆ ಸಾಕೆನ್ನುವುದು. ಒಂದೇ ಕಟ್ಟೆಯನ್ನು ಒಂದು ಸರ್ಕಾರವು ಅಪಾಯಕರವೆಂದು ಬಗೆದರೆ, ಮತ್ತೊಂದರ ಅಧಿಕಾರಿಗಳು ಅದೇ ವರ್ಷ ನೋಡಿ ಸಾಧಾರಣ ಸ್ಥಿತಿಯಲ್ಲಿದೆಯೆಂದು ಬರೆದರು. ೨೦೨೦ರ ಏಪ್ರಿಲ್ ೩೦ರಂದು ಸಂಸ್ಥಾನವು ಒಡೆಯರ ಮೇಲೆ ಹೂಡಿದ ದಾವೆಯಾದರೂ, ಅಪ್ಪಣೆಯಿಲ್ಲದೆ ನೀರನ್ನು ಇಳಿಸಿ ಸರೋವರದ ಚಿಪ್ಪುಜೀವಿಗಳನ್ನು ಕೊಂದರೆಂಬುದಾಗಿತ್ತು!

ಇಷ್ಟರಲ್ಲಿ ದಡದ ಜನರು ಸುಮ್ಮನೆ ಕುಳಿತಿರಲಿಲ್ಲ. ಸರೋವರದ ಮಟ್ಟವನ್ನು ನ್ಯಾಯಾಲಯದಿಂದ ಗೊತ್ತುಮಾಡಿಸಿ, ಅದನ್ನು ಕಾಯುವ ವೆಚ್ಚವನ್ನು ಸುತ್ತಣ ಭೂಮಿಯ ಮೇಲೆ ವಿಧಿಸಲು ಸಂಸ್ಥಾನದ ಶಾಸನದಲ್ಲಿ ಅವಕಾಶವಿದ್ದಿತು. ೨೦೧೯ರಲ್ಲಿ ಹಾಗೆಯೇ ಆಜ್ಞೆಯಾಯಿತು. ನಾಲ್ಕು ಸರೋವರಗಳ ಕಾರ್ಯಪಡೆಯು ಕಟ್ಟೆಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕ್ರಯವು ಮುಗಿಯುವ ಮುನ್ನವೇ ಮಳೆ ಬಂದಿತು.

೨೦೨೦ರ ಮೇ ೧೯ರ ಸಂಜೆ ಈಡನ್‌ವಿಲ್ ಏರಿಯ ಪೂರ್ವಭಾಗವು ಕೆಲವೇ ಕ್ಷಣಗಳಲ್ಲಿ ಜಾರಿಹೋಯಿತು. ಕೆಳಗಿನ ಸ್ಯಾನ್‌ಫರ್ಡ್ ಕಟ್ಟೆಯೂ ಒಡೆಯಿತು. ಸಾಂಕ್ರಾಮಿಕದ ಆ ದಿನಗಳಲ್ಲಿ ಸುಮಾರು ೧೦,೦೦೦ ಜನರು ಮನೆ ಬಿಟ್ಟು ಹೊರಡಬೇಕಾಯಿತು. ೨,೫೦೦ಕ್ಕೂ ಹೆಚ್ಚು ಕಟ್ಟಡಗಳು ಕೆಟ್ಟುವು. ಪ್ರಾಣಹಾನಿಯಾಗದಿದ್ದುದೇ ಭಾಗ್ಯ. ಸರೋವರವಿದ್ದೆಡೆಯಲ್ಲಿ ಕೆಸರೂ ಮರದ ಮೋಟುಗಳೂ ಉಳಿದುವು.

೨೦೨೨ರಲ್ಲಿ ಪ್ರಕಟವಾದ ತಜ್ಞರ ವರದಿಯು ಕೌತುಕಕರವಾದುದು. ನೀರು ಏರಿಯನ್ನು ದಾಟಿ ಹರಿಯಲೇ ಇಲ್ಲ. ಕಟ್ಟುವಾಗ ಸರಿಯಾಗಿ ದಮ್ಮಸು ಮಾಡದೆ ಬಿಟ್ಟಿದ್ದ ಸಡಿಲವಾದ ಮರಳು, ಹಿಂದೆಂದೂ ಕಾಣದ ಎತ್ತರಕ್ಕೆ ನೀರೇರಿದಾಗ ತನ್ನ ಬಿಗುವನ್ನು ಕಳೆದುಕೊಂಡು ದ್ರವದಂತೆ ಹರಿದುಹೋಗಿತ್ತು. ಎಲ್ಲರೂ ಕೋಡಿಯನ್ನು ನೋಡುತ್ತಿರಲು ದೋಷವು ಏರಿಯ ಗರ್ಭದಲ್ಲಿದ್ದಿತು. ಆದರೂ ಕೋಡಿಯು ವಿಶಾಲವಾಗಿದ್ದಿದ್ದರೆ ನೀರು ಅಷ್ಟು ಏರುತ್ತಿರಲಿಲ್ಲವೆಂಬುದೂ ನಿಜ.

ಬಾಯ್ಸ್ ಸಂಸ್ಥೆಯು ಅದೇ ೨೦೨೦ರಲ್ಲಿ ದಿವಾಳಿಗಾಗಿ ನ್ಯಾಯಾಲಯವನ್ನು ಸೇರಿತು. ಪುನರ್ನಿರ್ಮಾಣಕ್ಕೆ ಸಂಸ್ಥಾನವು ೨೦ ಕೋಟಿ ಡಾಲರುಗಳನ್ನು ಕೊಟ್ಟಿತಾದರೂ ಸಾಲದೆ, ೨೦೨೪ರಲ್ಲಿ ಸುಮಾರು ೨೧.೭ ಕೋಟಿ ಡಾಲರುಗಳನ್ನು ನಾಲ್ಕು ಸರೋವರಗಳ ಸುತ್ತಣ ಸ್ವತ್ತುಗಳ ಮೇಲೆ ೪೦ ವರ್ಷಗಳ ಕಂತಿನಲ್ಲಿ ವಿಧಿಸಲಾಯಿತು. ಕೆಲವರು ಸರೋವರವು ತಿರುಗಿ ಬರುವುದಾದರೆ ಕೊಡುವೆವೆಂದರು. ಇತರರು, ತಾವು ಕಟ್ಟದ, ತಮ್ಮದಲ್ಲದ ಕಟ್ಟೆಗೆ ತಮ್ಮ ಮಕ್ಕಳ ಕಾಲದವರೆಗೂ ತೆರುವುದೇಕೆಂದು ಕೇಳಿ ನ್ಯಾಯಾಲಯದ ಮೆಟ್ಟಿಲನ್ನೇರಿದರು.