ಕ್ಲೋಫಾಜಿಮಿನ್ ಮತ್ತು ಮೈಬಣ್ಣದ ಬದಲಾವಣೆ

ಕ್ಲೋಫಾಜಿಮಿನ್ ಕುಷ್ಠರೋಗದ ಬಹು ಔಷಧಿ ಚಿಕಿತ್ಸೆಯಲ್ಲಿ ನೀಡಲಾಗುವ ಔಷಧಗಳಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಈ ಚಿಕಿತ್ಸೆಯು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿಯೂ ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಉಚಿತವಾಗಿ ದೊರೆಯುತ್ತದೆ.

ಔಷಧವೇ ಕೆಂಪು ಬಣ್ಣದ್ದಾಗಿದ್ದು, ಚರ್ಮದಲ್ಲಿ ಶೇಖರಗೊಂಡು ಮೈಬಣ್ಣವನ್ನು ಕೆಂಗಂದು ಅಥವಾ ಕಪ್ಪಾಗಿಸುತ್ತದೆ. ರೋಗದ ಮಚ್ಚೆಗಳಿರುವಲ್ಲಿ ಇದು ಇನ್ನಷ್ಟು ಎದ್ದು ಕಾಣುತ್ತದೆ. ಅದುವರೆಗೆ ಯಾರಿಗೂ ತಿಳಿಯದಿದ್ದ ಕಾಯಿಲೆಯ ಗುಟ್ಟು ಈ ಕಪ್ಪಿನಿಂದ ರಟ್ಟಾಗುವುದೆಂದು ಅಂಜಿ ಕೆಲವರು ಮಾತ್ರೆಯನ್ನೇ ಬಿಡುವುದುಂಟು. ಬಣ್ಣವು ತಾತ್ಕಾಲಿಕ, ಅರ್ಧಕ್ಕೆ ನಿಂತ ಚಿಕಿತ್ಸೆಯಿಂದಾಗುವ ನರಹಾನಿ ಶಾಶ್ವತವಾಗಬಹುದು. ಚಿಕಿತ್ಸೆ ಮುಗಿದ ಬಳಿಕ ಕೆಲವು ತಿಂಗಳುಗಳಲ್ಲಿ, ಕೆಲವರಿಗೆ ವರ್ಷಕ್ಕೂ ಮೀರಿ, ಚರ್ಮವು ನಿಧಾನವಾಗಿ ತಿಳಿಯಾಗುತ್ತದೆ.

ಕಬ್ಬು, ತಂಬಾಕಿನ ಹೊಲಗಳಲ್ಲಿ ದುಡಿಯುವವರು ಬಿಸಿಲಿಗೆ ತುಂಬುತೋಳಿನ ಅಂಗಿ ಧರಿಸುವುದು, ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದು ಒಳ್ಳೆಯದು. ಮೊದಲ ಮಾತ್ರೆ ಕೊಡುವಾಗಲೇ ಈ ಬದಲಾವಣೆಯನ್ನು ರೋಗಿಗೂ, ಅವರು ಒಪ್ಪಿದಲ್ಲಿ ಮನೆಯವರಿಗೂ ತಿಳಿಸಬೇಕು.