ಚಿತ್ರಕ್ಕೂ ಮಾತಿಗೂ ನಡುವಿನ ಗೆರೆ

1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಮಕ್ಕಳಿಗೆಂದೇ ಬರೆದ ಮೊದಮೊದಲ ಸಚಿತ್ರ ಪಠ್ಯಗಳಲ್ಲೊಂದು. ಬರೆದವರು ಮೊರೇವಿಯಾದ ಪಾದ್ರಿ, ಶಿಕ್ಷಣತಜ್ಞ ಕೊಮೇನಿಯಸ್. ನೂರೈವತ್ತು ಪಾಠಗಳು, ಪ್ರತಿ ಪಾಠದ ತಲೆಯ ಮೇಲೊಂದು ಮರದಚ್ಚಿನ ಚಿತ್ರ, ಕೆಳಗೆ ಅಕ್ಕಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್. ಈ ಪುಸ್ತಕದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅದರ ಅಸಲಿ ಜಾಣತನ ಇರುವುದು ಚಿತ್ರದೊಳಗೆ ಅಲ್ಲಲ್ಲಿ ಕೆತ್ತಿದ ಪುಟ್ಟ ಅಂಕಿಗಳಲ್ಲಿ. ಬ್ರೆಡ್ ಮಾಡುವವನ ಚಿತ್ರದಲ್ಲಿ ಜರಡಿಗೊಂದು ಅಂಕಿ, ಹಿಟ್ಟು ನಾದುವ ತೊಟ್ಟಿಗೊಂದು, ಒಲೆಗೊಂದು. ಕೆಳಗಿನ ವಾಕ್ಯದಲ್ಲಿ ಆ ಪದ ಬಂದ ಕಡೆ ಅದೇ ಅಂಕಿ. ಓದುವ ಹುಡುಗನ ಕಣ್ಣು ಪದದಿಂದ ವಸ್ತುವಿಗೆ, ವಸ್ತುವಿನಿಂದ ಪದಕ್ಕೆ ಓಡಾಡಲೇಬೇಕು. ಕಲಿಕೆ ನಡೆಯುವುದು ಆ ಓಡಾಟದಲ್ಲಿ.

ಚಿತ್ರ ಹಾಕಿದರೆ ಪಾಠ ಸುಲಭವಾಗುತ್ತದೆ ಎಂಬ ನಂಬಿಕೆಗೆ ಪುರಾವೆ ಕೇಳುವ ಅಭ್ಯಾಸ ಶುರುವಾಗಿದ್ದು ಬಹಳ ತಡವಾಗಿ. ಕೇಳಿದಾಗ ಸಿಕ್ಕ ಉತ್ತರ ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಮೊಬೈಲ್ ಪರದೆಗೆ ಪಾಠ ಸಿದ್ಧಪಡಿಸುವವರ ಬಳಿ ಇಂದು ಇರುವ ತಿಳಿವಳಿಕೆ ಬಹುಮಟ್ಟಿಗೆ ಎರಡು ಪಾಠಗಳಿಂದ ಬಂದದ್ದು. ಒಂದು, ಚಿತ್ರ ಸೇರಿಸುವುದಕ್ಕಿಂತ ಕಿತ್ತುಹಾಕುವುದೇ ಹೆಚ್ಚು ಕಷ್ಟದ ಕೆಲಸ. ಇನ್ನೊಂದು, ಚಿತ್ರವನ್ನೂ ಮಾತನ್ನೂ ಬೇರೆಬೇರೆ ಮೇಜಿನಲ್ಲಿ ತಯಾರಿಸಿ ಆಮೇಲೆ ಅಂಟಿಸಿದರೆ ಅವು ಕೂಡುವುದಿಲ್ಲ. ಎರಡನೆಯದನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಕಂಡುಹಿಡಿದಿದೆ.

1925ರಲ್ಲಿ ವಿಯೆನ್ನಾದಲ್ಲಿ ಸಮಾಜವಿಜ್ಞಾನಿ ಓಟೊ ನ್ಯೂರಾತ್ ಒಂದು ವಿಚಿತ್ರ ಮ್ಯೂಸಿಯಂ ತೆರೆದರು. ಅಲ್ಲಿ ಪ್ರದರ್ಶನಕ್ಕಿದ್ದದ್ದು ಅಂಕಿಅಂಶ: ಮನೆ ಬಾಡಿಗೆ, ಕ್ಷಯರೋಗ, ಕಾರ್ಮಿಕರ ಸಂಖ್ಯೆ. ಶಾಲೆ ಕಲಿಯದ ಕಾರ್ಮಿಕನಿಗೂ ಅವು ಅರ್ಥವಾಗಬೇಕು ಎಂಬುದು ಅವರ ಹಠ. ಮುಂದೆ ಐಸೊಟೈಪ್ ಎಂದು ಹೆಸರಾದ ಈ ಪದ್ಧತಿಯ ಮುಖ್ಯ ನಿಯಮ: ಸಂಖ್ಯೆ ಹೆಚ್ಚಾದರೆ ಗೊಂಬೆಯನ್ನು ದೊಡ್ಡದು ಮಾಡಬೇಡಿ, ಗೊಂಬೆಗಳ ಸಂಖ್ಯೆ ಹೆಚ್ಚಿಸಿ. ಆ ಗೊಂಬೆಗಳನ್ನು ಬಿಡಿಸಿದವರು ಗೆರ್ಡ್ ಆರ್ನ್‌ಟ್ಸ್. ಆದರೆ ತಂಡದ ಮುಖ್ಯ ಕೆಲಸ ಮರೀ ರೈಡೆಮೈಸ್ಟರ್ ಅವರದು. ತಜ್ಞರು ಕೊಟ್ಟ ಮಾಹಿತಿಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು, ಯಾವುದರ ಪಕ್ಕ ಯಾವುದು ಬರಬೇಕು ಎಂದು ನಿರ್ಧರಿಸಿ ಕಲಾವಿದನಿಗೆ ಒರಟು ನಕ್ಷೆ ಕೊಡುವುದು. ವಿಷಯ ಬಲ್ಲವರಿಗೂ ಚಿತ್ರ ಬಲ್ಲವರಿಗೂ ನಡುವೆ, ಕಲಿಯುವವನ ಪರವಾಗಿ ಕೂತ ವ್ಯಕ್ತಿ. ನಮ್ಮ ಇ-ಪಾಠಗಳ ತಂಡಗಳಲ್ಲಿ ವಿಷಯ ತಜ್ಞರಿದ್ದಾರೆ, ಗ್ರಾಫಿಕ್ಸ್ ಮಾಡುವವರಿದ್ದಾರೆ. ಆ ಮೂರನೆಯ ಕುರ್ಚಿ ಹೆಚ್ಚಾಗಿ ಖಾಲಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರ ತರಬೇತಿಗೆ ಸಿನಿಮಾ ಬಂತು, ‘ಶ್ರವ್ಯ-ದೃಶ್ಯ’ ಎಂಬುದು ಶಿಕ್ಷಣದ ಮಂತ್ರವಾಯಿತು. 1946ರಲ್ಲಿ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ತಮ್ಮ ಪುಸ್ತಕದಲ್ಲಿ, ನೇರ ಅನುಭವದಿಂದ ಬರೀ ಮಾತಿನವರೆಗೆ ಕಲಿಕೆಯ ಬಗೆಗಳನ್ನು ಜೋಡಿಸಿದ ‘ಅನುಭವದ ಶಂಕು’ ಬಿಡಿಸಿದರು. ಓದಿದ್ದರಲ್ಲಿ ಶೇ 10, ನೋಡಿದ್ದರಲ್ಲಿ ಶೇ 30 ನೆನಪಿರುತ್ತದೆ ಎಂದು ಶಿಕ್ಷಕರ ತರಬೇತಿಗಳಲ್ಲಿ ಈಗಲೂ ತೋರಿಸುತ್ತಾರಲ್ಲ, ಆ ಶೇಕಡಾವಾರು ಡೇಲ್ ಅವರದಲ್ಲ. ಅವರ ಶಂಕುವಿನಲ್ಲಿ ಅಂಕಿಯೇ ಇರಲಿಲ್ಲ, ಆಮೇಲೆ ಯಾರೋ ಮೆತ್ತಿದರು.

ಭಾರತದಲ್ಲಿ ಈ ಶ್ರವ್ಯ-ದೃಶ್ಯ ಉತ್ಸಾಹ ಆಕಾಶಕ್ಕೇ ಏರಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ (ಉಪಗ್ರಹ ಬೋಧನಾ ಟಿವಿ) ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಇಳಿಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ಕನ್ನಡದಲ್ಲೇ. ಇಂದಿನ ಆನ್‌ಲೈನ್ ತರಗತಿಗಳ ಪೂರ್ವಜ ಅದು. ಅದೇ ದಾರಿಯಲ್ಲಿ 2004ರಲ್ಲಿ ಎಜುಸ್ಯಾಟ್ ಉಪಗ್ರಹ ಮೇಲೇರಿತು.

ಆದರೆ ಮಾಧ್ಯಮ ಬದಲಾದರೆ ಕಲಿಕೆ ಬದಲಾಗುತ್ತದೆಯೇ? 1983ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ ದಶಕಗಳ ಹೋಲಿಕೆ ಅಧ್ಯಯನಗಳನ್ನು ಜಾಲಾಡಿ ‘ಇಲ್ಲ’ ಎಂದರು. ದಿನಸಿ ತಂದ ಲಾರಿ ನಮ್ಮ ಪೌಷ್ಟಿಕತೆಯನ್ನು ಎಷ್ಟು ಬದಲಿಸುತ್ತದೋ, ಮಾಧ್ಯಮವೂ ಕಲಿಕೆಯನ್ನು ಅಷ್ಟೇ ಬದಲಿಸುತ್ತದೆ ಎಂಬ ಅವರ ಹೋಲಿಕೆ ಸಾಕಷ್ಟು ಜನರನ್ನು ಕೆರಳಿಸಿತು. ವಾದ ಇನ್ನೂ ಮುಗಿದಿಲ್ಲವಾದರೂ ಅದರಿಂದ ಆದ ಉಪಕಾರ ದೊಡ್ಡದು. ‘ಟಿವಿ ಒಳ್ಳೆಯದೋ ಪುಸ್ತಕವೋ’ ಎಂಬ ಪ್ರಶ್ನೆ ಹಿಂದೆ ಸರಿದು, ‘ಯಾವ ಚಿತ್ರ, ಯಾವ ಮಾತಿನ ಜೊತೆ, ಯಾರಿಗೆ’ ಎಂಬ ಪ್ರಶ್ನೆ ಮುಂದೆ ಬಂತು.

‘ಯಾರಿಗೆ’ ಎಂಬುದನ್ನು ನೇಪಾಳದ ಒಂದು ಸಮೀಕ್ಷೆ ಅದಕ್ಕೂ ಮೊದಲೇ ಕೆದಕಿತ್ತು. 1976ರಲ್ಲಿ ಯುನಿಸೆಫ್‌ಗಾಗಿ ಡಯಾನಾ ಫ್ಯೂಸೆಲ್ ಮತ್ತು ಆನೆ ಹಾಲಂಡ್ ಹಳ್ಳಿಹಳ್ಳಿಗೆ ಚಿತ್ರ ಹಿಡಿದು ಹೋಗಿ, ‘ಇದೇನು ಕಾಣಿಸುತ್ತದೆ?’ ಎಂದಷ್ಟೇ ಕೇಳಿದರು. ಒಂದೇ ವಸ್ತುವಿನ ಫೋಟೊ, ಹಿನ್ನೆಲೆ ಕತ್ತರಿಸಿದ ಫೋಟೊ, ನೆರಳು-ಬೆಳಕಿನ ರೇಖಾಚಿತ್ರ, ಬರೀ ಗೆರೆಯ ಚಿತ್ರ, ಕರಿನೆರಳು, ಸರಳೀಕರಿಸಿದ ಗೊಂಬೆ. ಜನ ಚೆನ್ನಾಗಿ ಗುರುತಿಸಿದ್ದು ನೆರಳು-ಬೆಳಕು ಕೊಟ್ಟ ರೇಖಾಚಿತ್ರಗಳನ್ನು. ಹಿನ್ನೆಲೆಯ ಗದ್ದಲವಿದ್ದ ಫೋಟೊ ಹಿಂದೆ ಬಿತ್ತು, ನಗರದ ಕಲಾವಿದರಿಗೆ ಅತಿ ಸರಳ ಎನಿಸುವ ಗೊಂಬೆ ಚಿತ್ರ ಇನ್ನೂ ಹಿಂದೆ. ಸಾಲಾಗಿ ಇಟ್ಟ ಚಿತ್ರಗಳನ್ನು ಎಡದಿಂದ ಬಲಕ್ಕೇ ಓದಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ, ಅದನ್ನು ಕಲಿಸುವುದು ಪುಸ್ತಕ. ಚಿತ್ರಕ್ಕೆ ಭಾಷೆಯ ಹಂಗಿಲ್ಲ ಎನ್ನುವವರ ಕೈಗೆ ನಾನು ಮೊದಲು ಕೊಡುವುದು ಈ ವರದಿಯನ್ನೇ.

ಪ್ರಯೋಗಾಲಯಗಳಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕೆನಡಾದ ಅಲನ್ ಪೈವಿಯೊ 1971ರಲ್ಲಿ, ನಾವು ಮಾತನ್ನೂ ಬಿಂಬವನ್ನೂ ಎರಡು ಬೇರೆ ಹಾದಿಗಳಲ್ಲಿ ಗ್ರಹಿಸುತ್ತೇವೆ, ಎರಡರಲ್ಲೂ ದಾಖಲಾದದ್ದು ಹೆಚ್ಚು ನೆನಪಿರುತ್ತದೆ ಎಂಬ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದರು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಇದರ ಮಗ್ಗುಲು ತಿರುಗಿಸಿದರು. ಹಾದಿ ಎರಡಿದ್ದರೂ ಒಮ್ಮೆಗೆ ತಲೆಯಲ್ಲಿ ಹಿಡಿದಿಡಬಹುದಾದದ್ದು ತೀರಾ ಕಡಿಮೆ. ಪಾಠದ ವಿನ್ಯಾಸವೇ ಆ ಜಾಗವನ್ನು ತಿಂದುಹಾಕಿದರೆ ವಿಷಯಕ್ಕೆ ಉಳಿಯುವುದೇನು? 1991ರಲ್ಲಿ ಅವರೂ ಪಾಲ್ ಚಾಂಡ್ಲರ್ ಅವರೂ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಹೃದಯ-ಶ್ವಾಸಕೋಶಗಳ ನಡುವಿನ ರಕ್ತದ ಹರಿವಿನ ಚಿತ್ರದ ಬಗ್ಗೆ. ಚಿತ್ರದಲ್ಲಿ ಹೆಸರುಗಳಿವೆ, ಬಾಣಗಳಿವೆ. ಅದೇ ಸಂಗತಿಯನ್ನು ಮತ್ತೆ ಗದ್ಯದಲ್ಲಿ ವಿವರಿಸಿ ಪಕ್ಕದಲ್ಲಿ ಕೊಟ್ಟಾಗ ಕಲಿಕೆ ಹೆಚ್ಚಲಿಲ್ಲ, ಬರೀ ಚಿತ್ರ ನೋಡಿದವರೇ ಮುಂದಿದ್ದರು. ಆದರೆ ಚಿತ್ರವಷ್ಟೇ ಅರ್ಥವಾಗದ ಕಡೆ, ಉದಾಹರಣೆಗೆ ರೇಖಾಗಣಿತದ ಲೆಕ್ಕದಲ್ಲಿ, ವಿವರಣೆ ಬೇಕೇ ಬೇಕು. ಅದನ್ನು ಕೆಳಗೆಲ್ಲೋ ಬರೆದು ‘ಕೋನ ಎ, ಬಿ, ಸಿ ನೋಡಿ’ ಎಂದರೆ ವಿದ್ಯಾರ್ಥಿಯ ಗಮನ ಹುಡುಕಾಟಕ್ಕೇ ಖರ್ಚಾಗುತ್ತದೆ. ವಿವರಣೆಯನ್ನು ಆ ಕೋನದ ಪಕ್ಕಕ್ಕೇ ತಂದಿಟ್ಟರೆ ಅದೇ ಲೆಕ್ಕ ಹಗುರಾಗುತ್ತದೆ.

ಕ್ಯಾಲಿಫೋರ್ನಿಯಾದ ರಿಚರ್ಡ್ ಮೇಯರ್ ಸೈಕಲ್ ಪಂಪು, ಕಾರಿನ ಬ್ರೇಕು, ಮಿಂಚು ಇಂಥ ವಿಷಯಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ಪ್ರಯೋಗ ನಡೆಸಿದರು. 2001ರ ಅವರ ‘ಮಲ್ಟಿಮೀಡಿಯಾ ಲರ್ನಿಂಗ್’ ಈ ಕ್ಷೇತ್ರದ ಕೈಪಿಡಿಯೇ ಆಗಿಬಿಟ್ಟಿದೆ. ಮಿಂಚಿನ ಪಾಠದ ಒಂದು ಪ್ರಯೋಗ ಹೇಳಲೇಬೇಕು. ಬಿಸಿ ತೇವದ ಗಾಳಿ ಮೇಲೇರುವುದು, ಮೋಡದಲ್ಲಿ ವಿದ್ಯುದಾವೇಶ ಬೇರ್ಪಡುವುದು, ನೆಲಕ್ಕೆ ಇಳಿಯುವುದು ಎಂಬ ವಿವರಣೆಯ ನಡುವೆ ಸಿಡಿಲು ಬಡಿದು ಸುಟ್ಟುಹೋದ ಫುಟ್‌ಬಾಲ್ ಆಟಗಾರನ ಸಮವಸ್ತ್ರದಂಥ ಚಿತ್ರಗಳನ್ನೂ ಕಥೆಗಳನ್ನೂ ಸೇರಿಸಿದರು. ಓದುಗರಿಗೆ ಅವು ರೋಚಕವಾಗಿದ್ದವು. ಆದರೆ ಮಿಂಚು ಹೇಗೆ ಉಂಟಾಗುತ್ತದೆ ಎಂದು ಕೇಳಿದಾಗ ಆ ಪಾಠ ಓದಿದವರು ಸಪ್ಪೆ ಪಾಠ ಓದಿದವರಿಗಿಂತ ಹಿಂದೆ ಬಿದ್ದರು. 1998ರಲ್ಲಿ ಶಾನನ್ ಹಾರ್ಪ್ ಜೊತೆ ಬರೆದ ಆ ಪ್ರಬಂಧದ ಪ್ರಕಾರ ಇಂಥ ವಿವರಗಳು ತಪ್ಪು ಹಿನ್ನೆಲೆಯನ್ನು ಎಬ್ಬಿಸುತ್ತವೆ: ಓದುಗ ಪಾಠವನ್ನು ಮೋಡದ ಸುತ್ತ ಕಟ್ಟಿಕೊಳ್ಳುವ ಬದಲು ಅಪಘಾತದ ಸುತ್ತ ಕಟ್ಟಿಕೊಳ್ಳುತ್ತಾನೆ. ಇದಕ್ಕೆ ಎರಡು ವರ್ಷ ಮೊದಲೇ ಮೇಯರ್ ತಂಡ, ಚಿಕ್ಕ ಶೀರ್ಷಿಕೆಗಳಿರುವ ಕೆಲವೇ ಚಿತ್ರಗಳ ಸಾರಾಂಶ ಇಡೀ ಪಾಠದಷ್ಟೇ, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿ ಕಲಿಸುತ್ತದೆ ಎಂದು ತೋರಿಸಿತ್ತು. ಪಠ್ಯ ಬರೆಯುವ ನಮ್ಮಂಥವರಿಗೆ ಇದು ಅಷ್ಟೇನೂ ಹಿತವಾದ ಸುದ್ದಿಯಲ್ಲ.

‘ನಾನು ನೋಡಿ ಕಲಿಯುವವನು, ಅವಳು ಕೇಳಿ ಕಲಿಯುವವಳು’ ಎಂಬ ಮಾತು ಇದೇ ಕಾಲದಲ್ಲಿ ಜನಪ್ರಿಯವಾಯಿತು. ಅದಕ್ಕೆ ತಕ್ಕ ಪುರಾವೆ ಇಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಬರೆದರು. ಇಲ್ಲಿ ಇದಕ್ಕಿಂತ ಹೆಚ್ಚು ಜಾಗ ಅದಕ್ಕೆ ಬೇಡ.

ಇಂಟರ್ನೆಟ್ ಈ ಸಿದ್ಧಾಂತಗಳಿಗೆ ಕಾಯುತ್ತ ಕೂರಲಿಲ್ಲ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಆನ್‌ಲೈನ್ ಪಾಠ ಯೋಜನೆ ಎನ್‌ಪಿಟಿಇಎಲ್‌ನ ಮೊದಲ ವಿಡಿಯೊಗಳು ತರಗತಿಯನ್ನೇ ಕ್ಯಾಮೆರಾದಲ್ಲಿ ಹಿಡಿದಂತಿದ್ದವು. ಖಾನ್ ಅಕಾಡೆಮಿಯ ಸಲ್ಮಾನ್ ಖಾನ್ ಮುಖ ತೋರಿಸದೆ ಕಪ್ಪು ಪರದೆಯ ಮೇಲೆ ಬಣ್ಣದ ಗೆರೆ ಎಳೆಯುತ್ತ ಮಾತಾಡಿದರು. ಗೆರೆಯೂ ಮಾತೂ ಒಂದೇ ಕ್ಷಣದಲ್ಲಿ, ಒಬ್ಬರಿಂದಲೇ ಹುಟ್ಟುತ್ತಿದ್ದದ್ದು ಆ ವಿಡಿಯೊಗಳ ಗುಟ್ಟು. ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಆನ್‌ಲೈನ್ ಕೋರ್ಸ್‌ಗಳ ವೇದಿಕೆ ಎಡೆಕ್ಸ್‌ನ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ಕೈಯಲ್ಲಿ ಬರೆಯುತ್ತ ಹೇಳುವ ವಿಡಿಯೊಗಳು ಸ್ಲೈಡ್‌ಗಳಿಗಿಂತ ಹೆಚ್ಚು ಹೊತ್ತು ಹಿಡಿದಿಟ್ಟವು; ಆರು ನಿಮಿಷ ದಾಟಿದರೆ ಗಮನ ಇಳಿಯಿತು. ಅಂದಿನಿಂದ ‘ಆರು ನಿಮಿಷ’ ವೇದವಾಕ್ಯವಾಗಿದೆ. ಅವರು ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು. ಎಷ್ಟು ಕಲಿತರು ಎಂಬುದು ಬೇರೆಯೇ ಲೆಕ್ಕ.

ನಿಯಮಗಳನ್ನು ಕಣ್ಣು ಮುಚ್ಚಿ ಹಚ್ಚಬಾರದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. ಹೇಳುತ್ತಿರುವುದನ್ನೇ ಪರದೆಯ ಮೇಲೂ ಬರೆಯಬೇಡಿ, ಅದು ಹೊರೆ ಎನ್ನುತ್ತದೆ ಮೇಯರ್ ಅವರ ನಿಯಮ. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1990ರ ದಶಕದಿಂದ ಮಾಡಿದ್ದು ಆ ನಿಯಮ ಬೇಡವೆಂದದ್ದನ್ನೇ: ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಹಿತ್ಯವನ್ನು ಕೆಳಗೆ ಓಡಿಸಿದರು. ಅಕ್ಷರ ಅರೆಬರೆ ಬರುವ ಕೋಟ್ಯಂತರ ಜನರಿಗೆ ಬಾಯಿಪಾಠವಿರುವ ಹಾಡಿನ ಜೊತೆ ಓಡುವ ಅಕ್ಷರವೇ ಓದಿನ ಅಭ್ಯಾಸವಾಯಿತು. ಮೇಯರ್ ತಪ್ಪಲ್ಲ. ಅವರ ಹೆಚ್ಚಿನ ಪ್ರಯೋಗಗಳಲ್ಲಿ ಕೂತವರು ಇಂಗ್ಲಿಷನ್ನು ಸರಾಗವಾಗಿ ಓದುವ ಕಾಲೇಜು ವಿದ್ಯಾರ್ಥಿಗಳು. ನಮ್ಮಲ್ಲಿ ಎಂಟನೇ ತರಗತಿಯ ವಿಡಿಯೊ ನೋಡುವ ಹುಡುಗಿಗೆ ‘ದ್ಯುತಿಸಂಶ್ಲೇಷಣೆ’ ಎಂಬುದು ಕಿವಿಗೆ ಬಿದ್ದರಷ್ಟೇ ಸಾಲದು, ಕಣ್ಣಿಗೂ ಬೀಳಬೇಕು.

ಕನ್ನಡದ ತೊಡಕುಗಳು ಕೆಲವು ಲಿಪಿಯಿಂದಲೇ ಬಂದವು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದು ಕಂಪ್ಯೂಟರಿನಲ್ಲಿ ಹಳೆಯ ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಹಾಗಾಗಿ ಕನ್ನಡ ಪಠ್ಯವನ್ನು ಚಿತ್ರವಾಗಿ ಉಳಿಸಿ ಅಂಟಿಸುವ ರೂಢಿ ಬಂತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಫಾಂಟ್ ಬಂದ ಮೇಲೂ ರೂಢಿ ಹೋಗಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಪಾಠದ ಟಿಪ್ಪಣಿ ಹರಿದಾಡುವುದು ಫೋಟೊ ರೂಪದಲ್ಲೇ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್‌ಗೆ ಅದೊಂದು ಖಾಲಿ ಹಾಳೆ. ಚಿತ್ರಕ್ಕೆ ಪರ್ಯಾಯ ಪಠ್ಯ ಕೊಡಿ ಎಂಬ ಅಂತರಜಾಲ ಸುಗಮತೆಯ ಮಾರ್ಗಸೂಚಿ 1999ರದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸವಿರಲಿ ಎಂದು 2008ರ ಎರಡನೇ ಆವೃತ್ತಿ ಸೇರಿಸಿತು. ಜೊತೆಗೆ ನಮ್ಮದೇ ಸಂಗತಿ: ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತಕ್ಷರ ಕೆಳಗಿಳಿಯುವುದರಿಂದ ಇಂಗ್ಲಿಷ್ ಅಳತೆಯ ಸಾಲಿನ ಅಂತರ ಸಾಲುವುದಿಲ್ಲ. ಇಂಗ್ಲಿಷ್ ಚಿತ್ರದ ಹೆಸರುಪಟ್ಟಿ ಅಳಿಸಿ ಕನ್ನಡ ತುರುಕಿದಾಗ ಅಕ್ಷರ ಇರುವೆ ಗಾತ್ರಕ್ಕೆ ಇಳಿಯುವುದನ್ನು ಯಾವ ವಿಜ್ಞಾನ ಪಾಠದಲ್ಲೂ ನೋಡಬಹುದು.

ಈ ಹಿನ್ನೆಲೆಯಲ್ಲಿ ಐಐಟಿ ಬಾಂಬೆಯ ಕಣ್ಣನ್ ಮೌದ್ಗಲ್ಯ ಕಟ್ಟಿದ, ತಂತ್ರಾಂಶಗಳ ಬಳಕೆ ಕಲಿಸುವ ಸ್ಪೋಕನ್ ಟ್ಯುಟೋರಿಯಲ್ ನನಗೆ ಮುಖ್ಯವೆನಿಸುತ್ತದೆ, ಅದರ ವಿಡಿಯೊಗಳು ನೋಡಲು ಸಾದಾ ಆಗಿದ್ದರೂ. ಪ್ರತಿ ಪಾಠ ಸುಮಾರು ಹತ್ತು ನಿಮಿಷ. ಮೊದಲು ಸಿದ್ಧವಾಗುವುದು ಎರಡು ಅಂಕಣದ ಸ್ಕ್ರಿಪ್ಟ್: ಎಡಕ್ಕೆ ಪರದೆಯ ಮೇಲೆ ಕಾಣುವುದು, ಬಲಕ್ಕೆ ಕೇಳುವುದು. ಎಡಗಡೆ ಏನೂ ಇಲ್ಲದ ಸಾಲು ಬಂದರೆ ಬರೆದವರಿಗೇ ಗೊತ್ತಾಗುತ್ತದೆ, ಇಲ್ಲಿ ಬರೀ ಮಾತಾಡುತ್ತಿದ್ದೇವೆ ಎಂದು. ಆಮೇಲೆ ಆ ತಂತ್ರಾಂಶ ಗೊತ್ತೇ ಇಲ್ಲದ ಹೊಸಬರೊಬ್ಬರು ಸ್ಕ್ರಿಪ್ಟ್ ನೋಡಿಕೊಂಡು ಅದರಂತೆ ಮಾಡಿ ನೋಡುತ್ತಾರೆ. ಅವರು ತಡವರಿಸಿದ ಕಡೆ ಸ್ಕ್ರಿಪ್ಟ್ ತಿದ್ದಬೇಕು. ಕೊನೆಗೆ ಧ್ವನಿ ಮಾತ್ರ ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಬದಲಾಗುತ್ತದೆ, ಪರದೆಯ ತಂತ್ರಾಂಶ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಏಕೆಂದರೆ ಕೆಲಸದ ಜಾಗದಲ್ಲಿ ಎದುರಾಗುವುದು ಅದೇ ಪರದೆ. ಮರೀ ರೈಡೆಮೈಸ್ಟರ್ ಕೂತಿದ್ದ ಕುರ್ಚಿಯನ್ನು ಇಲ್ಲಿ ಒಂದು ಎರಡಂಕಣದ ಕೋಷ್ಟಕ ತುಂಬಿದೆ.

2017ರಲ್ಲಿ ಬಂದ ದೀಕ್ಷಾ ಇ-ಪಾಠ ವೇದಿಕೆಯ ಕ್ಯೂಆರ್ ಕೋಡ್‌ಗಳು ಈಗ ನಮ್ಮ ಪಠ್ಯಪುಸ್ತಕಗಳಲ್ಲಿವೆ. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಪಾಠಗಳ ಸಂಖ್ಯೆಗೆ ಕೊರತೆಯಿಲ್ಲ. ಗುಣಮಟ್ಟ ಮಾತ್ರ ಏರುಪೇರು. ಬೋರ್ಡಿನ ಮೇಲೆ ನಾಲ್ಕೇ ಗೆರೆಯಲ್ಲಿ ಗ್ರಹಣ ಬಿಡಿಸಿ ಮುಗಿಸುವ ಶಿಕ್ಷಕಿಯ ಪಾಠದ ಪಕ್ಕದಲ್ಲೇ, ಪುಟ ತುಂಬ ಅಕ್ಷರ ತುಂಬಿ, ಮೂಲೆಯಲ್ಲೊಂದು ನಗುವ ವಿದೇಶಿ ಮಗುವಿನ ಫೋಟೊ ಸಿಕ್ಕಿಸಿ, ಹಿನ್ನೆಲೆಗೆ ಸಂಗೀತ ಹಾಕಿದ ಪಾಠವೂ ಇರುತ್ತದೆ.

2022ರಿಂದೀಚೆಗೆ ಕೇಳಿದ ಚಿತ್ರವನ್ನು ಕ್ಷಣದಲ್ಲಿ ಬಿಡಿಸಿಕೊಡುವ ತಂತ್ರಾಂಶಗಳು ಶಿಕ್ಷಕರ ಕೈಗೆ ಬಂದಿವೆ. ಅಲಂಕಾರದ ಚಿತ್ರ ಇನ್ನು ಪುಕ್ಕಟೆ, ಅಂದರೆ ಸಿಡಿಲಿಗೆ ಸುಟ್ಟ ಸಮವಸ್ತ್ರವೂ ಪುಕ್ಕಟೆ. ಮೊದಮೊದಲು ಇವು ಕನ್ನಡವೆಂದು ಕೊಟ್ಟದ್ದು ಅಕ್ಷರದಂತೆ ಕಾಣುವ ಗೀಚು. ಅದನ್ನು ಯಾರಾದರೂ ಹಿಡಿಯುತ್ತಾರೆ. ಹಿಡಿಯಲು ಕಷ್ಟವಾದದ್ದು ಸುಂದರವಾಗಿ ತಪ್ಪಿದ ಚಿತ್ರ: ಪುಪ್ಪುಸ ಅಪಧಮನಿ ಒಯ್ಯುವುದು ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು, ಅಪಧಮನಿ ಎಂದ ಕೂಡಲೇ ಅದಕ್ಕೆ ಕೆಂಪು ಬಳಿದ ಚಿತ್ರ ನೋಡಲು ಪಕ್ಕಾ ಪಠ್ಯಪುಸ್ತಕದ ಹಾಗೆಯೇ ಇರುತ್ತದೆ. ಹೆಸರಿನ ಗೆರೆ ಹೃತ್ಕರ್ಣಕ್ಕೆ ತಾಗಬೇಕಾದಲ್ಲಿ ಹೃತ್ಕುಕ್ಷಿಗೆ ತಾಗಿದ್ದರೂ ಅಷ್ಟೇ. ಚಿತ್ರ ಬರಲು ಅರ್ಧ ನಿಮಿಷ ಸಾಕು. ಒಂದೊಂದೇ ಗೆರೆಯ ತುದಿ ಹಿಡಿದು ಪಠ್ಯದೊಂದಿಗೆ ತಾಳೆ ನೋಡಲು ವಿಷಯ ಬಲ್ಲ ಶಿಕ್ಷಕರಿಗೆ ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆಯನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿದ ಇ-ಪಾಠ ಯೋಜನೆಯನ್ನು ನಾನಿನ್ನೂ ಕಂಡಿಲ್ಲ.